ಬೋರಮ್ಮ ತಲೆ ತಗ್ಗಿಸಿದ್ದು

೮ ಜುಲೈ ೧೯೫೭, ಸೋಮವಾರ

ಮತ್ತೆ ಗಂಡಸರ ವಾರ್ಡು ಸೋರುತ್ತಿದೆ. ಮಂಚಗಳನ್ನು ಆ ಗೋಡೆಯಿಂದ ಈ ಗೋಡೆಗೆ ಎಳೆಸಿದೆ. ನಂಬರು ಬರೆದಿರುವುದು ಗೋಡೆಗೆ, ಮಂಚಕ್ಕಲ್ಲ — ಯಾವ ಪುಣ್ಯಾತ್ಮನ ಯೋಚನೆಯೋ. ಸಕ್ಕರೆ ಕಾಯಿಲೆಯ ಅತ್ತಿಗುಪ್ಪೆ ಕೆಂಚಪ್ಪನ ಜಾಗಕ್ಕೆ ಜ್ವರದ ಬೈರಯ್ಯ ಬಂದ. ಬ್ಯಾಡರಹಳ್ಳಿಯವನು. ಹೆಂಡತಿ ಬೋರಮ್ಮ ಅವನ ಮಂಚದ ಪಕ್ಕ ಬಿಟ್ಟು ಏಳುವುದಿಲ್ಲ. ನಂಬರಿನ ವಿಷಯ ಡಾಕ್ಟರ್ ನಾರಾಯಣಪ್ಪನವರಿಗೆ ಹೇಳಿದೆ. "ಮಳೆ ನಿಲ್ಲಲಿ, ನೋಡೋಣ ಸಿಸ್ಟರ್."

ರಾಜಾಜಿನಗರದ ಮನೆಗೆ ನಡೆದು ಬರುವಷ್ಟರಲ್ಲಿ ಸೀರೆಯೆಲ್ಲ ಕೆಸರು.

೯ ಜುಲೈ

ಆದದ್ದನ್ನು ಆದ ಹಾಗೇ ಬರೆದುಬಿಡುತ್ತೇನೆ.

ಬೆಳಗಿನ ಇನ್ಸುಲಿನ್ ಜಗದಾಂಬಾ ಕೊಟ್ಟಳು. ಹೊಸ ನರ್ಸು, ದಾವಣಗೆರೆ ಕಡೆಯ ಹುಡುಗಿ. ಗೋಡೆಯ ನಂಬರು ನೋಡಿದ್ದಾಳೆ. ಪಾಪ, ಕೇಳಿಯೂ ಇದ್ದಾಳೆ — "ಇವರು ಕೆಂಚಪ್ಪ ಅಲ್ವಾ?" ಬೈರಯ್ಯನಿಗೆ ಮಂಪರು. ಬೋರಮ್ಮ ತಲೆ ಮೇಲೆ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಹುಡುಗಿ ಅದನ್ನೇ ಹೌದು ಅಂದುಕೊಂಡಳು.

ನಾನು ಬಂದಾಗ ಅವನು ಬೆವರಿ ತೊಪ್ಪೆಯಾಗಿದ್ದ. ಬೋರಮ್ಮ ಒರೆಸುತ್ತಾ ನಗುತ್ತಿದ್ದಳು. "ಜ್ವರ ಬಿಡ್ತಾ ಐತೆ ಸಿಸ್ಟರಮ್ಮ." ಸದ್ಯ ಅಂದುಕೊಂಡು ಮುಂದೆ ಹೋದೆ... ಎಷ್ಟೋ ಹೊತ್ತಿನ ಮೇಲೆ ಆ ತುದಿಯಿಂದ ಕೆಂಚಪ್ಪ, "ನನ್ ಸೂಜಿ ಎಲ್ಲಮ್ಮ?" ಅಂದ. ಅವನ ಇನ್ಸುಲಿನ್ ಬೈರಯ್ಯನಿಗೆ ಹೋಗಿತ್ತು; ಆ ಬೆವರು ಜ್ವರ ಬಿಟ್ಟದ್ದಲ್ಲ, ರಕ್ತದ ಸಕ್ಕರೆ ಇಳಿದದ್ದು.

ಗ್ಲೂಕೋಸ್ ಕೊಟ್ಟೆವು. ಬೈರಯ್ಯ ಕಣ್ಣು ಬಿಡಲಿಲ್ಲ.

ಬೋರಮ್ಮನನ್ನು ಕೇಳಿದೆ, ಕೆಂಚಪ್ಪ ಅಲ್ಲ ಅಂತ ಹೇಳಬಾರದಿತ್ತೇ?

"ಅದು ನಮ್ ಮಾವೋರ್ ಹೆಸ್ರು ಕಣಮ್ಮ. ಕಿವಿಗೆ ಬಿದ್ರೆ ತಲೆ ತಗ್ಗಿಸ್ದೆ ಇರಕ್ಕಾಯ್ತದಾ?"

"ಗಂಡನ ಹೆಸರಾದ್ರೂ ಹೇಳಬಹುದಿತ್ತಲ್ಲ."

"ಕಟ್ಕೊಂಡೋಳು ಹೆಸ್ರು ಹೇಳಿದ್ರೆ ಅವ್ರ ಆಯಸ್ಸು ಕಮ್ಮಿ ಆಯ್ತದೆ."

ನಮ್ಮಮ್ಮನೂ ಹೀಗೇ. ಇದೆಲ್ಲ ನನಗೆ ಹೊಸದಲ್ಲ. ಹೆಂಡತಿಯರನ್ನು ಹೆಸರು ಕೇಳಬಾರದು ಅಂತ ಜಗದಾಂಬಾಗೆ ಯಾರೂ ಹೇಳಿಕೊಟ್ಟಿರಲಿಲ್ಲ.

೧೧ ಜುಲೈ

ಹಾಗೇ ಇದ್ದಾನೆ. ಉಸಿರೊಂದಿದೆ.

ನಾರಾಯಣಪ್ಪನವರು ಸ್ಟೇಟ್‌ಮೆಂಟ್ ಬರೆಸಿಟ್ಟಿದ್ದಾರೆ: ಹೆಂಡತಿಯೇ ಹೌದೆಂದಳು. ನನ್ನ ಸಹಿ ಬೇಕಂತೆ. "ಆ ಹುಡುಗಿ ಕೆಲಸ ಉಳೀಬೇಕೋ ಬೇಡ್ವೋ?" ಉಳಿಯಬೇಕು. ಆದರೆ ಎಲ್ಲ ತನ್ನಿಂದಲೇ ಆಯಿತು ಅಂತ ಬೋರಮ್ಮ ಸಾಯೋವರೆಗೂ... ಮೈ ಉರಿಯುತ್ತದೆ. ಸಹಿ ಹಾಕಲಿಲ್ಲ. ಹಾಕುವುದಿಲ್ಲ ಅಂತಲೂ ಅನ್ನಲಿಲ್ಲ. ಹೇಡಿ ನಾನು.

ಬ್ಯಾಂಡೇಜ್ ಬಟ್ಟೆ ಸೀಳಿ, ಹೆಸರು, ಊರು ಬರೆದು ಎಲ್ಲರ ಕೈಗೂ ಕಟ್ಟಿದೆ. ಹೆಂಡತಿಯರನ್ನು ಕೇಳಲಿಲ್ಲ, ರೋಗಿಯನ್ನೇ ಕೇಳಿದೆ, ಇಲ್ಲವೇ ಅಣ್ಣತಮ್ಮಂದಿರನ್ನು. "ದನಕ್ಕೆ ಕಟ್ಟಿದ ಹಾಗಿದೆ," ಅಂದರು ಡಾಕ್ಟರು. ಇರಲಿ ಅಂದೆ.

೧೩ ಜುಲೈ, ಶನಿವಾರ

ಬೆಳಗ್ಗೆ ಹೋದ.

ಸರ್ಟಿಫಿಕೇಟ್ ಬರೆಯಲು ಡಾಕ್ಟರು ಹೆಸರು ಕೇಳಿದರು. ಈಗ ಬಂತು ಕೇಳುವ ಬುದ್ಧಿ. ಊರಿಂದ ಬಂದಿದ್ದ ಮೈದುನ ಬಾಯಿ ತೆರೆಯುವ ಮೊದಲೇ ಬೋರಮ್ಮ ಎದ್ದು ನಿಂತಳು. ಸೆರಗು ಎಳೆದುಕೊಳ್ಳಲಿಲ್ಲ.

"ಬೈರಯ್ಯ," ಅಂದಳು. ಜೋರಾಗಿ. "ಬರ್ಕೊಳ್ಳಿ ಸೋಮಿ. ಬೈರಯ್ಯ."

ಮೈದುನ ಗದರಿದ.

"ಇನ್ನೇನಪ್ಪ ಕಮ್ಮಿ ಆಗೋದೈತೆ?" ಅಂದಳು.

ಹೆಸರು ಬರೆದುಕೊಂಡು ಡಾಕ್ಟರು ಸ್ಟೇಟ್‌ಮೆಂಟನ್ನು ನನ್ನ ಕಡೆ ತಳ್ಳಿದರು. ಹೆಂಡತಿಯ ಸಾಲು ಹೊಡೆದುಹಾಕಿದೆ. ನಾವು ಕೇಳಿದ ರೀತಿಯೇ ತಪ್ಪು ಅಂತ ಬರೆದು ಸಹಿ ಹಾಕಿದೆ.

ಯಾರೋ ಮನೆ ಬಾಗಿಲು ಬಡಿಯುತ್ತಿದ್ದಾರೆ. ಕಿಟಕಿಯಿಂದ ನೋಡಿದೆ — ಜಗದಾಂಬಾ. ಅವಳಿಗೆ ಏನಂತ ಹೇಳಲಿ, ನಿನ್ನ ಕೆಲಸ ನನ್ನ ಸಹಿಯಿಂದಲೇ ಹೋಗಬಹುದು ಅಂತಲೇ?