ಜಾಗಟೆಯ ಹೊತ್ತು

ನ್ಯೂಯಾರ್ಕ್ ಬಂದರು
೯ ಮಾರ್ಚ್ ೧೯೧೧

ತಂಗಿ ವಿನಿಫ್ರೆಡ್‌ಗೆ,

ನಿನ್ನ ಗಂಡ ಡೆಕ್ಲನ್ ಇನ್ನು ಮನೆಗೆ ಬರುವುದಿಲ್ಲ. ಈ ಕಾಗದವನ್ನು ಅಮ್ಮನಿಗೆ ತೋರಿಸಬೇಡ, ಓದಿ ಒಲೆಗೆ ಹಾಕು.

ಹಡಗಿನ ತಳದಲ್ಲಿ ನಮಗೊಂದು ನಿಯಮವಿದೆ. ಒಂಬತ್ತು ನಿಮಿಷಕ್ಕೊಮ್ಮೆ ಜಾಗಟೆ ಹೊಡೆಯುತ್ತದೆ. ಎಲ್ಲರೂ ಕುಲುಮೆಯ ಬಾಗಿಲು ತೆಗೆದು ಕಲ್ಲಿದ್ದಲು ಎಸೆಯಬೇಕು. ಆ ಹೊತ್ತಿನಲ್ಲಿ ಯಾರೂ ಯಾರ ಮೇಲೂ ಕೈ ಮಾಡುವುದಿಲ್ಲ. ಎಲ್ಲರ ಬೆನ್ನೂ ತಿರುಗಿರುತ್ತದೆ.

ಮಂಗಳವಾರ ಬೆಳಿಗ್ಗೆ ನಿನ್ನ ಗಂಡನೆದುರು ನಿನ್ನ ಮುರಿದ ಕೈಯ ಮಾತೆತ್ತಿದೆ.

"ಏನ್ ಭಾವ, ತಂಗಿ ಅಳ್ತಾ ಕಾಗದ ಬರ್ದ್ಲಾ? ಇನ್ನೂ ಒಂದ್ ಕೈ ಇದೆ ಅಂತ ಹೇಳು" ಎಂದು ನಕ್ಕ.

ಸಲಿಕೆಯಿಂದ ಅವನ ಕಿವಿಗೆ ಬಾರಿಸಿದೆ. ಅವನು ನನ್ನ ಎರಡು ಹಲ್ಲು ಉದುರಿಸಿದ. ಜಾಗಟೆ ಹೊಡೆಯಿತು, ಇಬ್ಬರೂ ರಕ್ತ ಉಗುಳಿ ಕಲ್ಲಿದ್ದಲು ಎಸೆದೆವು. ಮತ್ತೆ ಹೊಡೆದಾಡಿದೆವು. ನನ್ನ ಪಕ್ಕೆಲುಬು ಮುರಿದ. ಬಲದಲ್ಲಿ ಅವನೇ ಮೇಲು, ವಿನಿ. ಮತ್ತೆ ಜಾಗಟೆ ಹೊಡೆದಾಗ ಅವನು ನನಗೆ ಬೆನ್ನು ಹಾಕಿ ಬಾಗಿಲು ತೆಗೆದ. ನಾನು ಅವನ ಹಿಂದಲೆಗೆ ಸಲಿಕೆ ಬೀಸಿದೆ. ತಲೆ ಬೆಂಕಿಯೊಳಗೇ ಬಿತ್ತು.

ಕಾವು ತಲೆಗೇರಿ ಬಿದ್ದನೆಂದು ಎಂಜಿನಿಯರ್ ಬರೆದುಕೊಂಡರು. ಹಡಗು ಹೇಳಿದ ಹೊತ್ತಿಗೇ ದಡ ಮುಟ್ಟಿತು. ಮೇಲಿನ ಪ್ರಯಾಣಿಕರು ಚಪ್ಪಾಳೆ ತಟ್ಟಿದರಂತೆ.

ಕೈಯನ್ನು ಡಾಕ್ಟರಿಗೆ ತೋರಿಸು. ಬಾಗಿಲ ಹಿಂದೆ ನೇತಾಡುವ ಅವನ ಬೆಲ್ಟನ್ನು ಬಿಸಾಡು.

ಅವನು ಸತ್ತದ್ದಕ್ಕೆ ಇಲ್ಲಿ ಯಾರೂ ಮರುಗಲಿಲ್ಲ. ಆದರೆ ನಾನು ಊಟಕ್ಕೆ ಕುಳಿತರೆ ಎಲ್ಲರೂ ತಟ್ಟೆ ಎತ್ತಿಕೊಂಡು ಏಳುತ್ತಾರೆ. ನಮ್ಮಲ್ಲಿ ಹಿರಿಯನಾದ ಹ್ಯಾನ್‌ರಾಟಿ ಮಾತ್ರ ನಿಂತು, "ಜಾಗಟೆ ಹೊಡೀತಿತ್ತಲ್ಲೋ ಮಾರ್ಟಿನ್" ಅಂದ.

ನಿನ್ನ ಅಣ್ಣ,
ಮಾರ್ಟಿನ್