ಪೋರ್ಟ್ ಕೆಟ್ಟಿಲ್ಲ ವೈನಿ

ವೈನಿ,

ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟ್ ಕೆಟ್ಟಿಲ್ಲರಿ. ನೀವೇನೂ ಕೆಡಿಸಿಲ್ಲ. ತಪ್ಪು ನನ್ನದು.

ಜೆರಾಕ್ಸ್ ಅಂಗಡಿಯಿಂದ ನಿಮ್ಮ ಪೆನ್‌ಡ್ರೈವಿನಾಗ ವೈರಸ್ ಬರ್ತಾವಂತ, ಭದ್ರತೆ ಹೆಚ್ಚಿರೋ ಹೊಸ ಸಿಸ್ಟಮ್ ಹಾಕಿದವ ನಾನೇ. ಲ್ಯಾಪ್‌ಟಾಪ್ ಮುಚ್ಚಿ ಲಾಕ್ ಆಗಿದ್ದಾಗ ಏನು ಚುಚ್ಚಿದರೂ ಅದು ಗುರುತು ಹಿಡಿಯಂಗಿಲ್ಲ. ಆಮ್ಯಾಲ ಲಾಕ್ ತೆಗೆದರೂ ಹಿಡಿಯಂಗಿಲ್ಲ. ನೀವು ಮಿಕ್ಸರಿಗೆ ಮೊದಲು ಪ್ಲಗ್ ಚುಚ್ಚಿ ಆಮ್ಯಾಲ ಬಟನ್ ಒತ್ತಿದಂಗ, ಮುಚ್ಚಿದ್ದಾಗಲೇ ಪೆನ್‌ಡ್ರೈವ್ ಚುಚ್ಚಿ ಆಮ್ಯಾಲ ತೆರೀತೀರಿ. ಹಂಗ್ಯಾರು ಮಾಡ್ತಾರ್ರಿ? ಇರ್ಲಿ. ಇವತ್ತು ನಾನೂ ನಿಮ್ಮಂಗೇ ಮಾಡಿ ನೋಡಿದೆ. ನನಗೂ ಪೆನ್‌ಡ್ರೈವ್ ಕಾಣಲಿಲ್ಲ.

ಮೊದಲು ತೆರೀರಿ. ಪಾಸ್‌ವರ್ಡ್ ಹಾಕ್ರಿ. ಆಮ್ಯಾಲ ಚುಚ್ಚರಿ.

ಅಣ್ಣನ ಮುಂದ, ಅವ್ವನ ಮುಂದ "ವೈನಿನೇ ಕೆಡಸ್ಯಾರ" ಅಂದುಬಿಟ್ಟೆ. ಅವತ್ತಿನಿಂದ ನೀವು ಕಲಿಸೋ ಜನವಾಡ ಸಾಲಿ ಪ್ರಶ್ನೆಪತ್ರಿಕಿ ಕೈಲೆ ಬರಕೋತ ಕುಂತದ್ದು ನೋಡಿನೂ ಸುಮ್ಮನಿದ್ದೆ. ಸಂಜಿಗೆ ಭಾಲ್ಕಿಯಿಂದ ಬಂದು ಇಬ್ಬರ ಮುಂದೂ ನಾನೇ ಹೇಳ್ತೇನಿ. ನೀವೇನೂ ಹೇಳೂದು ಬ್ಯಾಡ್ರಿ.

ಚಾರ್ಜ್ ಮಾಡಿ ನಿಮ್ಮ ಕಪಾಟಿನಾಗ ಇಟ್ಟೇನಿ. ಇನ್ಮ್ಯಾಲ "ವಿಶ್ವಾಸ, ಮುಟ್ಟಲೇನಪಾ?" ಅಂತ ನನ್ನ ಕೇಳಬ್ಯಾಡ್ರಿ. ಅದು ನಿಮ್ಮ ಲ್ಯಾಪ್‌ಟಾಪು.

ನಿಮ್ಮ ಮೈದುನ,

ವಿಶ್ವಾಸ