ಎರಡು ಸಾಲು ಹಳೇ ಬಳ್ಳಿ

ಆಗ್ಲಿ ನದಿಯ ಕಣಿವೆ, ಮನೆಯಿಂದ
11 ಮೇ 2018

ಪ್ರೀತಿಯ ಫಿರ್ಮ್ಯಾನ್,

‘ಪ್ರೀತಿಯ’ ಎಂದು ಬರೆಯಬಹುದೇ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಹನ್ನೊಂದು ವರ್ಷದಿಂದ ಬೇರೆ ಬೇರೆ ಊರಲ್ಲಿರುವ ಗಂಡ ಹೆಂಡತಿ ಒಬ್ಬರನ್ನೊಬ್ಬರು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಹೊಸ ವರ್ಷದ ಕಾರ್ಡಿನಲ್ಲಿ ನೀನು ಈಗಿರುವ ಊರು ಮೆಝ್‌ನ ಸಿಂಪಿಗಳ ಬಗ್ಗೆ ಒಂದು ಸಾಲು, ನಿನ್ನ ಮಂಡಿನೋವಿನ ಬಗ್ಗೆ ಒಂದು ಸಾಲು ಬರೆಯುತ್ತೀಯ. ನಾನು ಇಲ್ಲಿಯ ಗಾಳಿಯ ಬಗ್ಗೆ ಬರೆದು ಮುಗಿಸುತ್ತೇನೆ. ಈ ಪತ್ರ ಅಷ್ಟಕ್ಕೆ ಮುಗಿಯುವುದಿಲ್ಲ. ಕುರ್ಚಿ ಎಳೆದುಕೊಂಡು ಕೂತು ಓದು.

ಮೊದಲು ಸಂತೋಷದ ಸುದ್ದಿ. ಗುಡ್ಡದ ಮೇಲಿನ ತೋಟದ ಹಣ್ಣಿನಿಂದ ನಾನೇ ವೈನ್ ಮಾಡಿದ್ದೇನೆ. ನಿನ್ನ ಮುತ್ತಜ್ಜ 1912ರಲ್ಲಿ ನೆಟ್ಟ ಅದೇ ಕಾರಿನ್ಯಾನ್ ದ್ರಾಕ್ಷಿ ಬಳ್ಳಿಗಳು, ನೀನು ಕೀಳಿಸಬೇಕೆಂದು ಸರ್ಕಾರದ ಪರಿಹಾರಕ್ಕೆ ಅರ್ಜಿ ತುಂಬಿ ಇಟ್ಟಿದ್ದೆಯಲ್ಲ, ಅವೇ. ಸಹಕಾರಿ ಸಂಘದವರು ಆ ಹಣ್ಣನ್ನು ಎಲ್ಲರ ಹಣ್ಣಿನ ಜೊತೆ ದೊಡ್ಡ ತೊಟ್ಟಿಗೆ ಸುರಿದುಬಿಡುತ್ತಿದ್ದರು. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಸಂಘದ ಕಾರ್ಯದರ್ಶಿ ನಮ್ಮ ಬಳ್ಳಿಗಳನ್ನು ನೋಡಿ, “ಇವಕ್ಕೆ ಪಿಂಚಣಿ ಕೊಟ್ಟು ಮನೆಗೆ ಕಳಿಸಮ್ಮ, ಎಲ್ವೀರ್” ಎಂದ. ನನಗೂ ಅದೇ ವರ್ಷ ಪಿಂಚಣಿ ಶುರುವಾಗಿತ್ತು. “ನನ್ನನ್ನ ಎಲ್ಲಿಗೆ ಕಳಿಸ್ತೀಯಪ್ಪ?” ಎಂದೆ. ಆ ವರ್ಷದಿಂದ ಗುಡ್ಡದ ಹಣ್ಣನ್ನು ಸಂಘಕ್ಕೆ ಕೊಡುವುದನ್ನೇ ನಿಲ್ಲಿಸಿದೆ.

ಮಾವನವರು ನೆಲಮಾಳಿಗೆಯಲ್ಲಿ ಕಟ್ಟಿಸಿದ ಸಿಮೆಂಟಿನ ತೊಟ್ಟಿ ನಿನಗೆ ನೆನಪಿರಬೇಕು. ನಾವು ಅದರಲ್ಲಿ ಆಲೂಗಡ್ಡೆ ಇಡುತ್ತಿದ್ದೆವು. ಅದನ್ನು ಎರಡು ದಿನ ಉಜ್ಜಿದೆ. ಸೆಪ್ಟೆಂಬರ್ ಕೊನೆಯಲ್ಲಿ ಕೊಯ್ಲಿಗೆ ಪಕ್ಕದ ಮನೆಯ ಹೆಂಗಸರು ಬಂದರು. ಗೊಂಚಲುಗಳು ಮುಷ್ಟಿಯಷ್ಟೇ ದೊಡ್ಡವು, ಸಿಪ್ಪೆ ದಪ್ಪ, ಬಣ್ಣ ಮಸಿಯಂಥದ್ದು. ಒಂದೊಂದು ಬಳ್ಳಿಗೆ ನಾಲ್ಕೋ ಐದೋ. ಸೊಂಟ ಬಗ್ಗಿಸಿ ಕೊಯ್ದು ಕೊಯ್ದು ನಮಗೆಲ್ಲ ಸಾಕಾಯಿತು, ಆದರೆ ಅಷ್ಟು ನಕ್ಕು ನನಗೆ ಎಷ್ಟೋ ವರ್ಷವಾಗಿತ್ತು.

ಹಣ್ಣು ತುಳಿದು ತೊಟ್ಟಿಗೆ ಹಾಕಿದ ಒಂಬತ್ತನೇ ದಿನ ಅದರ ಸದ್ದು ನಿಂತಿತು. ಗುಳುಗುಳು ಎನ್ನುತ್ತಿದ್ದ ರಸ ಸುಮ್ಮನಾಯಿತು. ಬಾಯಿಗೆ ಹಾಕಿದರೆ ಇನ್ನೂ ಸಿಹಿ. ಹುದುಗು ಅರ್ಧಕ್ಕೇ ಸತ್ತಿತ್ತು. ಹಾಗೇ ಬಿಟ್ಟರೆ ವಾರದಲ್ಲಿ ಅಷ್ಟೂ ಹುಳಿಯಾಗುತ್ತದೆ. ಆಗ ಒಬ್ಬರ ಸಹಾಯ ಕೇಳಿದೆ. ಅವರು ತಮ್ಮ ತೊಟ್ಟಿಯಲ್ಲಿ ಚೆನ್ನಾಗಿ ಹುದುಗುತ್ತಿದ್ದ ರಸವನ್ನು ದಿನಕ್ಕಿಷ್ಟು ತಂದು ಬೆರೆಸಿದರು, ತೊಟ್ಟಿಗೆ ಕಂಬಳಿ ಸುತ್ತಿದರು, ಹುದುಗು ಮತ್ತೆ ಎದ್ದಿತು.

ಆ ಒಬ್ಬರು ಯಾರು ಎಂದು ಬರೆಯದೆ ಮುಂದೆ ಹೋಗಬಹುದು ಎಂದುಕೊಂಡಿದ್ದೆ. ಆಗುತ್ತಿಲ್ಲ. ನಿನ್ನ ಅಣ್ಣ ಗೋದೆರಿಕ್.

ಪತ್ರ ಕೆಳಗಿಡಬೇಡ, ಫಿರ್ಮ್ಯಾನ್. ಕಾರಿನ್ಯಾನ್ ಬಗ್ಗೆ ಈ ಕಣಿವೆಯಲ್ಲಿ ಅವರಷ್ಟು ತಿಳಿದವರು ಇನ್ಯಾರೂ ಇಲ್ಲ, ಅದು ನಿನಗೂ ಗೊತ್ತು. ಇಪ್ಪತ್ತೆರಡು ವರ್ಷ ಮಾತಿಲ್ಲದ ಮನೆಯ ಬಾಗಿಲು ತಟ್ಟಿದೆ. ಬಾಗಿಲು ತೆಗೆದವರು ನನ್ನ ಕೈಯಲ್ಲಿದ್ದ ಲೋಟವನ್ನು ನೋಡಿದರು, ತೆಗೆದುಕೊಂಡು ಮೂಸಿದರು. “ಎಷ್ಟು ದಿನ ಆಯ್ತು ನಿಂತು?” ಎಂದರು. “ನಿನ್ನೆಯಿಂದ, ಭಾವ” ಎಂದೆ. “ನಿನ್ನೆನೇ ಬರಬೇಕಿತ್ತು” ಎಂದು ಬೂಟು ಹಾಕಿಕೊಂಡರು.

ಎರಡನೇ ದಿನ ಬಕೆಟ್ಟು ಸುರಿಯುತ್ತ ಅವರು ಕೇಳಿದರು: “ಇದರಲ್ಲಿ ಆ ಎರಡು ಸಾಲಿನ ಹಣ್ಣೂ ಇದೆ ತಾನೆ?”

ಯಾವ ಎರಡು ಸಾಲು ಎಂದು ನಿನಗೆ ಹೇಳಬೇಕಿಲ್ಲ. ನಿಮ್ಮಿಬ್ಬರ ತೋಟದ ನಡುವಿನ ಗಡಿಕಲ್ಲನ್ನು ನೀನು ಸರಿಸಿ ತನ್ನ ಎರಡು ಸಾಲು ಕದ್ದೆ ಎಂದು ಅವರು ಊರೆಲ್ಲ ಹೇಳಿದರು. ಕಲ್ಲು ಅಪ್ಪ ಇಟ್ಟಲ್ಲೇ ಇದೆ, ಅಣ್ಣನಿಗೆ ಎಣಿಸಲು ಬರುವುದಿಲ್ಲ ಎಂದು ನೀನು ಹೇಳಿದೆ. ಅತ್ತೆಯ ಶವಪೆಟ್ಟಿಗೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತಿರಿ. ಕೊನೆಗೆ, ಬೇಲಿಯಾಚೆ ಅವರ ಮುಖ ನೋಡುವುದೇ ಬೇಡವೆಂದು ನೀನು ಆ ತೋಟವನ್ನೇ ಕೀಳಿಸಲು ಹೊರಟೆ, ನಾನು ಅಡ್ಡ ನಿಂತೆ, ನೀನು ಮೆಝ್‌ಗೆ ಹೋದೆ.

ಕಲ್ಲನ್ನು ಸರಿಸಿದ್ದು ನಾನು.

ಕದಿಯಬೇಕೆಂದು ಅಲ್ಲ. 1994ರ ಶರತ್ಕಾಲ, ಅತ್ತೆ ಪರ್ಪಿನ್ಯಾನ್‌ನ ಆಸ್ಪತ್ರೆಯಲ್ಲಿದ್ದರು, ನೀನು ಅವರ ಹತ್ತಿರ ಇದ್ದೆ. ಟ್ರ್ಯಾಕ್ಟರ್ ಓಡಿಸಲು ಆಗ ತಾನೆ ಕಲಿಯುತ್ತಿದ್ದೆ. ಹಿಂದಕ್ಕೆ ತೆಗೆಯುವಾಗ ಕಲ್ಲಿಗೆ ಗುದ್ದಿದೆ, ಅದು ಕಿತ್ತುಕೊಂಡು ಇಳಿಜಾರಿನಲ್ಲಿ ಉರುಳಿತು. ಹೊತ್ತು ತಂದು, ಇದೇ ಜಾಗ ಇರಬೇಕು ಎನ್ನಿಸಿದ ಕಡೆ ಹುಗಿದೆ. ನೀನು ಬಂದ ಮೇಲೆ ಹೇಳಿದರೆ ಟ್ರ್ಯಾಕ್ಟರ್ ಮುಟ್ಟಲು ಬಿಡುವುದಿಲ್ಲ ಎಂದು ಸುಮ್ಮನಾದೆ. ಚಳಿಗಾಲದಲ್ಲಿ ಬಳ್ಳಿ ಸವರಲು ಬಂದ ಭಾವ ಸಾಲು ಎಣಿಸಿದರು, ಜಗಳ ಎದ್ದಿತು. ಮುಂದಿನ ಭಾನುವಾರ ಹೇಳುತ್ತೇನೆ ಎಂದುಕೊಂಡೆ. ಆಮೇಲೆ ಅದರ ಮುಂದಿನ ಭಾನುವಾರ. ಅತ್ತೆ ತೀರಿಕೊಂಡ ಮೇಲೆ ಅದು ಬಾಯಿಬಿಟ್ಟು ಹೇಳಲಾರದಷ್ಟು ದೊಡ್ಡದಾಯಿತು. ನೀನು ಪೆಟ್ಟಿಗೆ ತುಂಬಿಕೊಳ್ಳುತ್ತಿದ್ದ ದಿನವೂ ನಾನು ಬಾಗಿಲ ಹತ್ತಿರ ನಿಂತಿದ್ದೆ. ಹೇಳಲಿಲ್ಲ.

ಅವತ್ತು ನೆಲಮಾಳಿಗೆಯಲ್ಲಿ ಭಾವನಿಗೆ ಇದಿಷ್ಟನ್ನೂ ಹೇಳಿದೆ. ಅವರು ಬಕೆಟ್ಟು ಕೆಳಗಿಟ್ಟು, ಕೈ ಒರೆಸಿಕೊಂಡು ಹೊರಟುಹೋದರು. ನನ್ನ ವೈನೂ ಹೋಯಿತು, ಅವರೂ ಹೋದರು ಎಂದುಕೊಂಡೆ. ಮರುದಿನ ಬೆಳಿಗ್ಗೆ ಏಳಕ್ಕೆ ಬಕೆಟ್ಟು ಹಿಡಿದು ಬಾಗಿಲಲ್ಲಿದ್ದರು. “ಹುದುಗಿಗೆ ನಿನ್ನ ಮೇಲೆ ಸಿಟ್ಟಿಲ್ಲ ನೋಡು, ಅದಕ್ಕೆ ಬಂದೆ” ಎಂದರು. ಮೂರು ದಿನ ಬಕೆಟ್ಟು ತಂದು ಸುರಿದು ಹೋದರು. ನಾಲ್ಕನೇ ದಿನ ತೊಟ್ಟಿ ಮತ್ತೆ ಗುಳುಗುಳು ಎಂದಾಗ ಏಣಿಯ ಮೇಲೆ ಕೂತು ಹೇಳಿದರು: “ನೀನು ಬಾಯಿ ಮುಚ್ಕೊಂಡಿದ್ದೆ, ನಾನು ಬಾಯಿ ಮುಚ್ಲೇ ಇಲ್ಲ. ಇಬ್ರೂ ಸೇರಿ ಅವನನ್ನ ಓಡಿಸಿದ್ವಿ.”

ಆ ಭಾನುವಾರ ಚರ್ಚಿನ ಪಕ್ಕದ ಮೈದಾನಕ್ಕೆ ಹೋದೆವು. ಮುದುಕರೆಲ್ಲ ಕಬ್ಬಿಣದ ಗುಂಡು ಎಸೆಯುವ ಆಟ ಆಡುತ್ತಿದ್ದರು. ಭಾವ ಆಟದ ನಡುವೆ ನಿಂತು, “ನನ್ನ ತಮ್ಮ ಕಳ್ಳ ಅಂತ ನಿಮಗೆಲ್ಲ ಹೇಳಿದ್ದೆ. ಅವನು ಕದ್ದಿಲ್ಲ. ಸುಳ್ಳು ನನ್ನದು” ಎಂದರು. ಕಲ್ಲಿನ ಕಥೆ ನಾನು ಹೇಳಿದೆ. ಆಮೇಲೆ ಅಂಚೆ ಕಚೇರಿಯ ಹಳೇ ಯಜಮಾನ, “ಹಂಗಾದ್ರೆ ಜಗಳ ಆದ ಮೇಲೆ ಊರು ಬಿಡೋವರೆಗೂ ನಾನು ಫಿರ್ಮ್ಯಾನ್ ಕೈಗೆ ಆಟದ ಅಂಕ ಬರೆಯೋ ಕೆಲಸ ಕೊಡ್ಲಿಲ್ವಲ್ಲ, ಅವನೇ ಚೆನ್ನಾಗಿ ಬರೀತಿದ್ದ” ಎಂದು ಪೇಚಾಡಿಕೊಂಡ. ನಿನ್ನ ಹೆಸರು ಈಗ ಈ ಊರಲ್ಲಿ ತೊಳೆದಿಟ್ಟ ಲೋಟದ ಹಾಗಿದೆ. ನನ್ನದು ಅಷ್ಟಿಲ್ಲ, ಅದು ನ್ಯಾಯವೇ. ಬ್ರೆಡ್ ಅಂಗಡಿಯಲ್ಲಿ ಕೆಲವರು ಮುಖ ತಿರುಗಿಸಿದರು. ಈಗೀಗ ಮತ್ತೆ ಮಾತಾಡಿಸುತ್ತಾರೆ.

ಕಲ್ಲನ್ನು ಇಬ್ಬರೂ ಸೇರಿ ಮೊದಲಿನ ಜಾಗಕ್ಕೆ ಹಾಕಿದೆವು. ಇದಾಗಿ ಒಂದೂವರೆ ವರ್ಷ. ನಿನಗೆ ಐದು ಪತ್ರ ಬರೆದು ಹರಿದೆ. ವೈನ್ ಬಾಟಲಿಗೆ ಹಾಕಿದ ಮೇಲೆ ಬರೆಯುತ್ತೇನೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಮಾರ್ಚಿನಲ್ಲಿ ಬಾಟಲಿಯೂ ತುಂಬಿತು, ನೆಪ ಮುಗಿಯಿತು.

ಕುಡಿದರೆ ಹೇಗಿದೆ ಗೊತ್ತೇ? ಲೋಟದ ಆಚೆಗೆ ಬೆರಳು ಕಾಣುವುದಿಲ್ಲ, ಅಷ್ಟು ಕಪ್ಪು. ಬಾಯಿ ತುಂಬುತ್ತದೆ. ಮೊದಲು ಕಪ್ಪು ಚೆರಿ, ಆಮೇಲೆ ಗುಡ್ಡದ ಒಣಗಿದ ಕಾಡು ಸೊಪ್ಪು, ಬಿಸಿಲಿಗೆ ಕಾದ ಕರಿಕಲ್ಲಿನ ವಾಸನೆ. ನುಂಗಿದ ಮೇಲೂ ನಾಲಿಗೆ ಬಿಟ್ಟು ಹೋಗುವುದಿಲ್ಲ. ಈಸ್ಟರ್ ದಿನ ಕುರಿಮಾಂಸದ ಜೊತೆ ಮೊದಲ ಬಾಟಲಿ ತೆಗೆದೆವು. ಭಾವ ಕಣ್ಣು ಮುಚ್ಚಿ ಕುಡಿದು, “ಅಪ್ಪ ಇದ್ದಿದ್ರೆ ಬೈಯೋದಕ್ಕೆ ಏನೂ ಸಿಗ್ತಿರಲಿಲ್ಲ ಅವನಿಗೆ” ಎಂದರು. ಮಾವನವರನ್ನು ಬಲ್ಲ ನಿನಗೆ ಇದು ಎಷ್ಟು ದೊಡ್ಡ ಹೊಗಳಿಕೆ ಎಂದು ಗೊತ್ತು.

ವಾಪಸು ಬಾ ಎಂದು ಕರೆಯಲು ಬರೆಯುತ್ತಿಲ್ಲ. ನಿನಗೆ ಅಲ್ಲಿಯ ನೀರು ಒಗ್ಗಿದೆ, ನನಗೆ ಈ ಗುಡ್ಡ. ಬೆಳಿಗ್ಗೆ ಕಾಫಿ ಕುಡಿದು ಮೇಲೆ ಹತ್ತುತ್ತೇನೆ. ಬಳ್ಳಿಗಳಲ್ಲಿ ಈಗ ಗೇಣುದ್ದ ಚಿಗುರು. ನಿದ್ದೆ ಚೆನ್ನಾಗಿ ಬರುತ್ತದೆ. ನಾನು ಸುಖವಾಗಿದ್ದೇನೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದೇನೆ. ನೀನು ಕೋಪ ಮಾಡಿಕೊ, ಎಷ್ಟು ದಿನ ಬೇಕಾದರೂ. ನಿಜ ತಿಳಿದು ಕೋಪ ಮಾಡಿಕೊಂಡರೆ ಸಾಕು.

ಇಂತಿ,
ಎಲ್ವೀರ್

ಮರೆತ ಮಾತು: ಲಕೋಟೆಗೆ ಸ್ಟಾಂಪಿಲ್ಲ, ನೋಡಿರಬೇಕು. ಇದನ್ನು ನಿನ್ನ ಬಾಗಿಲಡಿ ತಳ್ಳಿದವರು ರಸ್ತೆಯಾಚೆ ಕಾರಿನಲ್ಲಿ ಕೂತಿದ್ದಾರೆ, ಆರು ಬಾಟಲಿ ಜೊತೆ. ಒಂದು ಗಂಟೆ ಕಾದು, ನೀನು ಕರೆಯದಿದ್ದರೆ ಬಾಟಲಿ ಮೆಟ್ಟಿಲ ಮೇಲಿಟ್ಟು ಸುಮ್ಮನೆ ಹಿಂದಿರುಗುತ್ತೇನೆ ಎಂದು ನನಗೆ ಮಾತು ಕೊಟ್ಟಿದ್ದಾರೆ. ಆದರೆ ಭಾವನ ಚೀಲದಲ್ಲಿ ರಾತ್ರಿ ಮಲಗಲು ಇಸ್ತ್ರಿ ಮಾಡಿದ ಪೈಜಾಮಾ ಇದೆ. ನಾನು ನೋಡಿದ್ದೇನೆ.